ಬೆರಳ ಬುಡದಿಂದ ಮೇಲಕ್ಕೆ

ಚಿತ್ತವಾಡ್ಗಿಯ ಒಂದು ಖಾಸಗಿ ದವಾಖಾನೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ ಮಾಡಿದೆ. ಜನ ನನ್ನನ್ನು ನರ್ಸಮ್ಮ ಎನ್ನುತ್ತಿದ್ದರು. ನಾನು ನರ್ಸ್ ಓದಿದವಳಲ್ಲ, ಆದರೆ ಕರೆಯುವವರನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ನನ್ನ ಹೆಸರು ನೀಲಗಂಗಮ್ಮ. ಬಾಯಿ ಜೋರಿನವಳು ಎಂಬ ಹೆಸರು ಅದಕ್ಕಿಂತ ಹೆಚ್ಚು ಚಾಲ್ತಿಯಲ್ಲಿತ್ತು. ಹೇಳಿದ ಮಾತು ಕೇಳದ ರೋಗಿಗಳನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ನನ್ನಿಂದ ಬೈಸಿಕೊಂಡವರು ಸಾವಿರ ಜನ ಇರಬಹುದು, ಯಾರ ಮುಖವೂ ನೆನಪಿಲ್ಲ. ಭರಮಮ್ಮನ ಮುಖ ಮಾತ್ರ ಹೋಗಿಲ್ಲ. ಅವಳ ಎಡಗಾಲೂ ಹೋಗಿಲ್ಲ.

ಭರಮಮ್ಮ ಕಮಲಾಪುರದವಳು. ಗಂಡ ಗುಡ್ಡಪ್ಪ ಕಾಲುವೆಯ ಲಸ್ಕರ್. ಲಸ್ಕರ್ ಎಂದರೆ ಗೇಟು ಎತ್ತುವ, ಇಳಿಸುವ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವ ಆಳು. ಸಂಬಳ ಸಣ್ಣದು, ಆದರೆ ಹತ್ತು ಎಕರೆ ಬಾಳೆತೋಟದ ಸಾಹುಕಾರರೂ ಅವನನ್ನು ಕಂಡರೆ ಸೈಕಲ್ ಇಳಿದು ಬೀಡಿ ಕೊಟ್ಟು ಮಾತಾಡಿಸುತ್ತಿದ್ದರು. ಗುಡ್ಡಪ್ಪ ಬೀಡಿ ಇಸಿದುಕೊಂಡು ಕಿವಿಯ ಮೇಲಿಟ್ಟುಕೊಂಡು, ನೀರು ಮಾತ್ರ ಸರತಿ ಪ್ರಕಾರವೇ ಬಿಡುತ್ತಿದ್ದ. ಅಷ್ಟು ನಿಯತ್ತಿನ ಮನುಷ್ಯ.

ಅವು ಕಾಲುವೆ ನೀರು ತುಂಬಿ ಹರಿದ ವರ್ಷಗಳು. ವರ್ಷಕ್ಕೆ ಎರಡು ಸಲ ಭತ್ತ, ನಡುವೆ ಕಬ್ಬು. ಜೋಳದ ರೊಟ್ಟಿ ಉಂಡು ಬೆಳೆದವರ ಮನೆಯಲ್ಲಿ ದಿನಾ ಅನ್ನ ಬೇಯತೊಡಗಿತು. ಭರಮಮ್ಮ ನಾಟಿ ಹಚ್ಚುವ ಹೆಂಗಸರ ಗುಂಪಿನ ಮುಂದಾಳು. ಮೊಣಕಾಲುದ್ದ ಕೆಸರಿನಲ್ಲಿ ಬಾಗಿ ನಿಂತರೆ ಮಧ್ಯಾಹ್ನದ ಬುತ್ತಿಗೇ ಎದ್ದು ನಿಲ್ಲುತ್ತಿದ್ದಳಂತೆ. ನೀರು ಬಂದ ಕಡೆ ಸೊಳ್ಳೆಯೂ ಬರುತ್ತದಲ್ಲ. ಒಂದು ಮಳೆಗಾಲ ಅವಳಿಗೆ ನಡುಗಿಸುವ ಜ್ವರ ಬಂತು, ತೊಡೆಸಂದಿಯಲ್ಲಿ ಗಂಟು ಕಟ್ಟಿತು, ಎಡಗಾಲು ಬಾತುಕೊಂಡಿತು. ಜ್ವರ ಇಳಿಯಿತು, ಬಾವು ಪೂರಾ ಇಳಿಯಲಿಲ್ಲ. ಮುಂದಿನ ವರ್ಷ ಮತ್ತೆ ಜ್ವರ, ಮತ್ತಷ್ಟು ಬಾವು. ಹೀಗೇ ಏಳೆಂಟು ವರ್ಷದಲ್ಲಿ ಅದು ಊರವರು ಪಿಸುಮಾತಿನಲ್ಲಿ ಹೇಳುವ ಆನೆಕಾಲಾಯಿತು. ಭರಮಮ್ಮ ಸೀರೆಯನ್ನು ನೆಲಕ್ಕೆ ತಾಗುವಂತೆ ಉಡಲು ಶುರುಮಾಡಿದಳು. ನಾಟಿಗೆ ಸೀರೆ ಎತ್ತಿ ಕಟ್ಟಬೇಕು, ಹಾಗಾಗಿ ನಾಟಿ ಬಿಟ್ಟಳು.

ಮಗಳು ಹಂಪಮ್ಮ ಒಬ್ಬಳೇ. ಅವಳಿಗೆ ಕಂಪ್ಲಿಯ ಕಡೆಯಿಂದ ಗಂಡು ಬಂದಾಗ ಭರಮಮ್ಮ ಜೋಳದ ಚೀಲದ ಹಿಂದೆ ಕುಳಿತೇ ಬೀಗರನ್ನು ಮಾತಾಡಿಸಿದಳು, ಏಳಲಿಲ್ಲ. ಆನೆಕಾಲು ರಕ್ತದಲ್ಲಿ ಬರುತ್ತದೆ, ತಾಯಿಗೆ ಬಂದದ್ದು ಮಗಳಿಗೆ, ಮೊಮ್ಮಕ್ಕಳಿಗೆ ಬರುತ್ತದೆ ಎಂದು ಆಗ ಎಲ್ಲರೂ ನಂಬಿದ್ದರು. ಅದು ಸುಳ್ಳು ಎಂದು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ಕೇಳಿಸಿಕೊಂಡು, ತಲೆ ಅಲ್ಲಾಡಿಸಿ, ಮನೆಗೆ ಹೋಗಿ ಹಳೆಯದನ್ನೇ ನಂಬುತ್ತಿದ್ದರು.

ಮದುವೆ ಕಮಲಾಪುರದಲ್ಲೇ, ಎಪ್ಪತ್ತೈದರಲ್ಲಿ. ಧಾರೆ ಎರೆಯುವಾಗ ತಾಯಿ ತಂದೆ ಎದ್ದು ನಿಲ್ಲಬೇಕು, ಕಾಲು ಕಾಣುತ್ತದೆ. ಏನು ಮಾಡುವುದು? ತಾಯಿ ಮುಟ್ಟಾಗಿದ್ದಾಳೆ ಎಂದು ಬೀಗರಿಗೆ ಹೇಳಿದರು. ಹಂದರದ ಹೊರಗೆ, ಹಿತ್ತಲಿನ ಬಣವೆ ಪಕ್ಕ ಭರಮಮ್ಮನನ್ನು ಕೂರಿಸಿದರು. ಗುಡ್ಡಪ್ಪನ ಅಣ್ಣ ಅತ್ತಿಗೆ ಧಾರೆ ಎರೆದರು. ವಾದ್ಯದವರು ಜೋರಾಗಿ ಬಾರಿಸಿದಾಗ ತಾಳಿ ಬಿತ್ತು ಎಂದು ತಿಳಿದುಕೊಂಡು ಭರಮಮ್ಮ ಕೂತಲ್ಲೇ ಎರಡು ಕಾಳು ಅಕ್ಕಿ ಹಂದರದ ಕಡೆ ಎಸೆದಳಂತೆ. ಇದನ್ನು ನನಗೆ ಹೇಳುವಾಗ ಅವಳು ಅಳಲಿಲ್ಲ. ನಾನು ಪಟ್ಟಿ ಸುತ್ತುವ ನೆಪದಲ್ಲಿ ತಲೆ ತಗ್ಗಿಸಿಕೊಂಡೆ.

ಮದುವೆ ಮುಗಿದ ಮರುವರ್ಷ ಅವಳನ್ನು ಗುಡ್ಡಪ್ಪ ನಮ್ಮ ದವಾಖಾನೆಗೆ ಕರೆತಂದ. ನಮ್ಮ ಡಾಕ್ಟರಮ್ಮ ಕಾಲನ್ನು ಬೆರಳಿನಿಂದ ಒತ್ತಿ ನೋಡಿದರು. ಒತ್ತಿದಲ್ಲಿ ಕುಳಿ ಬಿತ್ತು. "ಇನ್ನೂ ಮೆತ್ತಗೈತಿ. ಕಲ್ಲಾಗಿಲ್ಲ. ಕಟ್ಟಿದ್ರ ಇಳೀತದ" ಎಂದರು. ಆ ಮಾತಿಗೆ ಭರಮಮ್ಮ ಡಾಕ್ಟರಮ್ಮನ ಮುಖವನ್ನು ನೋಡಿದ ರೀತಿಯೇ ಬೇರೆ.

ಕಟ್ಟುವುದೆಂದರೆ ಹಿಗ್ಗುವ ಕ್ರೇಪ್ ಪಟ್ಟಿ, ಅಂಗೈ ಅಗಲದ್ದು. ನಾನು ಒಂದು ಸಲ ಸುತ್ತಿ ತೋರಿಸಿದೆ, ಎರಡು ಸುರುಳಿ ಕೊಟ್ಟು ಕಳಿಸಿದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲೇ ಕಟ್ಟಬೇಕು, ಆಗ ಕಾಲು ಸಣ್ಣಗಿರುತ್ತದೆ ಎಂದು ಎರಡೆರಡು ಸಲ ಹೇಳಿದೆ. ಗುಡ್ಡಪ್ಪ ಹೂಂ ಹೂಂ ಎಂದ. ಹನ್ನೆರಡು ದಿನ ಬಿಟ್ಟು ಎತ್ತಿನ ಬಂಡಿಯಲ್ಲಿ ಹೆಂಡತಿಯನ್ನು ಮಲಗಿಸಿಕೊಂಡು ಬಂದ. ಪಾದ ಕುಂಬಳಕಾಯಿಯಾಗಿತ್ತು. ಬೆರಳುಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು, ಹಿಮ್ಮಡಿಯ ಹತ್ತಿರ ಗುಳ್ಳೆ ಎದ್ದು ಒಡೆದಿತ್ತು. ಪಟ್ಟಿಯನ್ನು ಮೊಣಕಾಲಿನ ಮೇಲೆ ಉಸಿರು ಕಟ್ಟುವ ಹಾಗೆ ಬಿಗಿದು, ಅಲ್ಲಿಂದ ಕೆಳಕ್ಕೆ ಸಡಿಲವಾಗಿ ಸುತ್ತಿದ್ದರು.

"ಯಾವನ್ರಿ ಕಟ್ಟಿದ್ದು ಇದನ್ನ? ಕಾಲು ತೆಗೀಬೇಕಂತ ಮಾಡೀರೇನು?" ಎಂದು ನಾನು ಕೂಗಿದ್ದು ಹೊರಗಿನ ಆಟೋದವರಿಗೂ ಕೇಳಿಸಿತಂತೆ.

"ನಾನ ಕಟ್ಟೀನ್ರಿ ಅಕ್ಕಾರ," ಎಂದ ಗುಡ್ಡಪ್ಪ, ಕೈ ಕಟ್ಟಿ ನಿಂತು. "ನೀವು ತಳದಿಂದ ಕಟ್ಟಿ ತೋರಿಸಿದ್ರಿ. ನನಗ ಅದು ಸರಿ ಅನ್ನಿಸಲಿಲ್ರಿ. ಕೆಳಗಿನ ಗದ್ದಿ ಒಣಗಬೇಕಂದ್ರ ಮೇಲಿನ ಗೇಟ್ ಬಂದ್ ಮಾಡಬೇಕಲ್ರಿ. ತಳಾನ ಬಿಗಿದ್ರ ನೀರು ಮೇಲೆ ನಿಂತು ಏರಿ ಒಡೀತೈತಿ. ಅದಕ್ಕ ಮೇಲಿಂದ್ಲೇ ಬಿಗದೆ."

ನನಗೆ ಬೈಗುಳ ಬಾಯಿಗೆ ಬಂದು ಅಲ್ಲೇ ನಿಂತಿತು. ಇಪ್ಪತ್ತು ವರ್ಷ ಕಾಲುವೆ ಕಾಯ್ದವನು ಬೇರೆ ಹೇಗೆ ಯೋಚಿಸಬೇಕಿತ್ತು? ಹೆಂಡತಿಯ ಕಾಲಿನ ಗೇಟನ್ನು ಅವನು ಪ್ರೀತಿಯಿಂದಲೇ ಮುಚ್ಚಿದ್ದ. ಭರಮಮ್ಮ ನೋವಿನಲ್ಲಿ ಹಲ್ಲು ಕಚ್ಚಿಕೊಂಡೇ, "ಬೈಬ್ಯಾಡ್ರಿ ನೀಲಕ್ಕ, ಅವ್ರು ದಿನಾ ಭಾಳ ಶ್ರದ್ಧಿಂದ ಕಟ್ಟ್ಯಾರ" ಎಂದಳು.

ಡಾಕ್ಟರಮ್ಮ ಅವನನ್ನು ಕೂರಿಸಿ ವಿವರಿಸಿದರು. ಮೈಯಲ್ಲಿ ರಕ್ತದ ನಾಳ ಬಿಟ್ಟು ಇನ್ನೊಂದು ಬಗೆಯ ಸಣ್ಣ ನಾಳಗಳಿವೆ. ಮಾಂಸದ ಸಂದಿಯಲ್ಲಿ ಉಳಿದ ನೀರನ್ನು ಅವು ಮೇಲಕ್ಕೆ ಒಯ್ಯುತ್ತವೆ. ಅವು ಕೆಟ್ಟರೆ ನೀರು ಮೇಲೇರದೆ ಕಾಲಲ್ಲೇ ನಿಲ್ಲುತ್ತದೆ. ಹೊರಗಿನಿಂದ ನಾವು ಒತ್ತಿ ಏರಿಸಬೇಕು. ಬೆರಳ ಬುಡದಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ. ಗುಡ್ಡಪ್ಪ ಹೆಂಡತಿಯ ಕಾಲಿಗೆ ತಾಗದಂತೆ ಬೆರಳನ್ನು ಕೆಳಗಿನಿಂದ ಮೇಲಕ್ಕೆ ಆಡಿಸಿ ನೋಡಿದ. ಆಮೇಲೆ, "ಹಂಗಾದ್ರ ಇದು ಕಾಲುವಿ ಅಲ್ರಿ. ಏತ," ಎಂದ. ಅವತ್ತಿನ ನಂತರ ಅವನು ತಪ್ಪಲಿಲ್ಲ. ಹೊತ್ತು ಹುಟ್ಟುವ ಮುಂಚೆ ಹೆಂಡತಿಯ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಕಟ್ಟಿ, ಆಮೇಲೆ ಗೇಟಿಗೆ ಹೋಗುತ್ತಿದ್ದ. ನನ್ನ ಕೈಗಿಂತ ಅವನ ಕೈ ಚೆನ್ನಾಗಿ ಕೂತಿತ್ತು ಎಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಪಟ್ಟಿಯಿಂದ ಕಾಲು ಬೆಳೆಯುವುದು ನಿಂತಿತು, ಅಷ್ಟೇ. ಒಂದು ಜ್ವರ ಬಂದರೆ ಆರು ತಿಂಗಳ ಕೆಲಸ ಹಾಳು. ಹೀಗೆ ಮಗಳ ಮದುವೆಯಾಗಿ ಹನ್ನೊಂದು ವರ್ಷ ಕಳೆಯಿತು. ಆ ಹನ್ನೊಂದು ವರ್ಷದಲ್ಲಿ ಭರಮಮ್ಮ ಮಗಳ ಮನೆಯನ್ನು ನೋಡಲಿಲ್ಲ. ಕಮಲಾಪುರದಿಂದ ಕಂಪ್ಲಿಗೆ ಬಸ್ಸಿನಲ್ಲಿ ಕೂತರೆ ಒಂದು ತಾಸು.

ಅದಕ್ಕೆ ಕಾರಣ ಒಂದು ತಂಬಿಗೆ ನೀರು. ಆ ಕಡೆ ಬೀಗರು ಮೊದಲ ಸಲ ಮನೆಗೆ ಬಂದರೆ ಕಾಲಿಗೆ ನೀರು ಕೊಟ್ಟು ಸುಮ್ಮನಾಗುವುದಿಲ್ಲ. ಮನೆಯ ಹಿರಿಯಳೇ ಹೊಸ್ತಿಲ ಹೊರಗೆ ಕೂತು, ನೀರು ಹಾಕಿ, ಕೈಯಾರೆ ತಿಕ್ಕಿ ತೊಳೆದು ಒಳಗೆ ಕರೆಯಬೇಕು. ಹಂಪಮ್ಮನ ಅತ್ತೆ ಹೊಳೆಮ್ಮ ಅಂಥ ರಿವಾಜುಗಳಲ್ಲಿ ಗಟ್ಟಿ ಹೆಂಗಸು. ಹಾಗಾಗಿ ಭರಮಮ್ಮ ಪ್ರತಿ ವರ್ಷ ಒಂದು ನೆಪ ಹೇಳಿ ಕಳಿಸುತ್ತಿದ್ದಳು: ಎಮ್ಮೆ ಈದಿದೆ, ಗಂಡನಿಗೆ ರಜೆ ಇಲ್ಲ, ಮನೆ ಸಾರಣೆ ನಡೆದಿದೆ. ಹಂಪಮ್ಮನೇ ನಾಗರ ಪಂಚಮಿಗೆ ಬರುತ್ತಿದ್ದಳು, ಎರಡು ಬಾಣಂತನಕ್ಕೂ ಬಂದಿದ್ದಳು. "ನೀ ಬರಬ್ಯಾಡವ್ವ" ಎಂದು ಮೊದಲು ಹೇಳಿದವಳೂ ಅವಳೇ. "ನಿನ್ನ ಕಾಲು ಕಂಡ್ರ ನಾನು ಮುಚ್ಚಿಟ್ಟು ಬಂದೀನಿ ಅಂತಾರ. ನನ್ನ ಮಗಳಿಗೂ ಆ ಮಾತು ಅಂಟತೈತಿ." ಹುಡುಗಿಯದು ತಪ್ಪು ಎನ್ನಲಾರೆ. ಆದರೆ ಆ ಮಾತನ್ನು ಭರಮಮ್ಮ ನನಗೆ ಒಪ್ಪಿಸಿದ ದಿನ ಹಂಪಮ್ಮ ಎದುರಿಗಿದ್ದಿದ್ದರೆ ನಾನು ಒಂದೆರಡು ಮಾತು ಬಿಡುತ್ತಿದ್ದುದು ನಿಜ.

ಮಗಳ ಬಾಯಿಂದ ಕೇಳಿ ಕೇಳಿ ಭರಮಮ್ಮ ಆ ಮನೆಯನ್ನು ತಲೆಯಲ್ಲೇ ಕಟ್ಟಿಕೊಂಡಿದ್ದಳು. ಮೂರು ಮೆಟ್ಟಿಲು, ಎಡಕ್ಕೆ ದನದ ಕೊಟ್ಟಿಗೆ, ಪಡಸಾಲೆಯಲ್ಲಿ ಆಳೆತ್ತರದ ಭತ್ತದ ಕಣಜ, ಅಡಿಗೆಮನೆಗೆ ಪೂರ್ವದ ಕಿಟಕಿ. ಪಟ್ಟಿ ಬದಲಿಸಲು ಬಂದಾಗಲೆಲ್ಲ, "ಈಗ ಆಕಿ ಎಮ್ಮಿಗೆ ನೀರು ಕುಡಿಸ್ತಿರತಾಳ್ರಿ ನೀಲಕ್ಕ" ಎನ್ನುತ್ತಿದ್ದಳು, ಕಣ್ಣೆದುರಿಗೆ ನಡೆದಂತೆ. ಅವಳಿಗೆ ಬೇಕಿದ್ದದ್ದು ಇಷ್ಟೇ: ಆ ಮನೆಯಲ್ಲಿ ಒಂದು ರಾತ್ರಿ ಉಳಿಯಬೇಕು. ಮಗಳು ತನ್ನ ಸಂಸಾರದಲ್ಲಿ ಓಡಾಡುವುದನ್ನು ನೋಡಿ, ಅವಳ ಪಕ್ಕದಲ್ಲಿ ಚಾಪೆ ಹಾಸಿ ಮಲಗಬೇಕು. "ಇರವ್ವ, ಇವತ್ತೊಂದಿನ ಅಂತ ಆಕಿ ಅನ್ನಬೇಕ್ರಿ. ಯಾವ ತಾಯಿಗೂ ಅಂತಾರಲ್ರಿ ಹೆಣ್ಮಕ್ಳು" ಎನ್ನುತ್ತಿದ್ದಳು. ನಾನು, "ಕಾಲು ಅಲ್ಲಾಡಿಸಬ್ಯಾಡ" ಎಂದು ಗದರಿಸಿ ಮಾತು ಮುಗಿಸುತ್ತಿದ್ದೆ. ಕೇಳಲು ನನಗೆ ಆಗುತ್ತಿರಲಿಲ್ಲ.

ಎಂಬತ್ತಾರರ ಪಂಚಮಿಗೆ ಹಂಪಮ್ಮ ಬಂದಾಗ ಅತ್ತೆಯ ಮಾತನ್ನೂ ಹೊತ್ತು ತಂದಳು. ಬೀಗತಿ ಬರದೆ ಇರುವುದನ್ನು ಹೊಳೆಮ್ಮ ಅಷ್ಟು ವರ್ಷವೂ ಅವಮಾನ ಎಂದೇ ತಿಳಿದಿದ್ದಳು. ಈಗ ಕಟ್ಟಪ್ಪಣೆ ಆಗಿತ್ತು. "ದೀಪಾವಳಿ ಒಳಗ ನಿಮ್ಮವ್ವ ನನ್ನ ಹೊಸ್ತಿಲ ದಾಟಬೇಕು. ಇಲ್ಲಂದ್ರ ಇನ್ನ ಮ್ಯಾಲೆ ನೀನೂ ಆ ಕಡಿ ಹೊಸ್ತಿಲ ದಾಟಬ್ಯಾಡ." ಅಂದರೆ ಪಂಚಮಿಯೂ ಇಲ್ಲ. ವರ್ಷಕ್ಕೆ ನಾಲ್ಕು ದಿನ ಸಿಗುತ್ತಿದ್ದ ಮಗಳೂ ಕೈತಪ್ಪುವಂತಾಯಿತು.

ಆ ವರ್ಷವೇ ನಮ್ಮ ಡಾಕ್ಟರಮ್ಮ ಮದ್ರಾಸಿನ ಕಡೆಯಿಂದ ಒಂದು ಹಳೆಯ ಯಂತ್ರ ತರಿಸಿದ್ದರು. ಮೊಣಕಾಲು ದಾಟುವಷ್ಟು ಉದ್ದದ ಬೂಟಿನಂಥ ಚೀಲ, ಒಳಗೆ ಮೂರು ಗಾಳಿಯ ಕೋಣೆ. ಪಕ್ಕದಲ್ಲಿ ಕರೆಂಟಿನ ಪಂಪು. ಚಾಲೂ ಮಾಡಿದರೆ ಮೊದಲು ಪಾದದ ಕೋಣೆ ಉಬ್ಬಿ ಅಮುಕುತ್ತದೆ, ಆಮೇಲೆ ಮೀನಖಂಡದ್ದು, ಆಮೇಲೆ ಮೊಣಕಾಲಿನದು. ಸ್ವಲ್ಪ ಹೊತ್ತು ಹಿಡಿದು, ಮೂರೂ ಸುಸ್ಸೆಂದು ಗಾಳಿ ಬಿಟ್ಟು, ಮತ್ತೆ ಮೊದಲಿಂದ. ಗುಡ್ಡಪ್ಪ ಮೊದಲ ದಿನ ಅದರ ಎದುರು ಕುಕ್ಕರಗಾಲಲ್ಲಿ ಕೂತು ಇಡೀ ಒಂದು ತಾಸು ನೋಡಿದ. "ಮಸ್ತ್ ಐತ್ರಿ. ಗೇಟ್ ಎತ್ತಾಕೊಬ್ಬ ಲಸ್ಕರೂ ಬ್ಯಾಡ" ಎಂದು ಹೇಳಿದ.

ಭರಮಮ್ಮ ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ಬಂದು ಎರಡು ತಾಸು ಬೂಟಿನಲ್ಲಿ ಕಾಲಿಟ್ಟು ಮಲಗುತ್ತಿದ್ದಳು. ಬಿಚ್ಚಿದ ಕೂಡಲೇ ನಾನು ಪಟ್ಟಿ ಕಟ್ಟಬೇಕು, ಇಲ್ಲದಿದ್ದರೆ ಏರಿಸಿದ ನೀರು ಮತ್ತೆ ಇಳಿಯುತ್ತದೆ. ಒಂದು ದಿನ ಮೂರೂ ಕೋಣೆ ಉಬ್ಬಿದ್ದಾಗ ಕರೆಂಟು ಹೋಯಿತು. ಗಾಳಿ ಬಿಡುವ ಗುಂಡಿ ಎಲ್ಲಿದೆ ಎಂದು ನನಗೂ ಗೊತ್ತಿಲ್ಲ, ಡಾಕ್ಟರಮ್ಮ ಊಟಕ್ಕೆ ಹೋಗಿದ್ದರು. ಕಾಲು ಸಿಕ್ಕಿಹಾಕಿಕೊಂಡು ಭರಮಮ್ಮ ಮುಕ್ಕಾಲು ತಾಸು ಮಲಗಿದ್ದಳು. ನಾನು ಹೆದರಿ ಬೆವರುತ್ತಿದ್ದರೆ ಅವಳು, "ಇರ್ಲಿ ಬಿಡ್ರಿ, ಇನ್ನ ನಾಕು ಹನಿ ಏರ್ತಾವ" ಎಂದು ನನಗೇ ಸಮಾಧಾನ ಹೇಳಿದಳು. ಆರು ವಾರದಲ್ಲಿ ಮೀನಖಂಡದ ಅಳತೆ ಇಪ್ಪತ್ತೆರಡು ಅಂಗುಲದಿಂದ ಹದಿನೈದೂವರೆಗೆ ಇಳಿಯಿತು. ಬಲಗಾಲು ಹದಿಮೂರು. ತೊಗಲು ಒರಟಾಗಿಯೇ ಉಳಿಯಿತು, ಆದರೆ ಹೊಲಗದ್ದೆಯಲ್ಲಿ ದುಡಿದ ಕಾಲು ಎಂದರೆ ನಂಬುವ ಹಾಗಿತ್ತು. ಹದಿನೈದು ವರ್ಷದ ಮೇಲೆ ಅವಳು ತನ್ನ ಕಾಲಿನ ಗಿಣ್ಣಿನ ಮೂಳೆಯನ್ನು ಕಂಡಳು. ಬೆರಳಿನಿಂದ ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡಳು.

"ಸುಮ್ಮನೆ ಖರೇ ಹೇಳಿಬಿಡು. ಪಟ್ಟಿ ಕಟ್ಟಿಕೊಂಡೇ ಹೋಗು" ಎಂದು ನಾನು ವಾದಿಸಿದೆ. ಅವಳು ಕೇಳಲಿಲ್ಲ. ಮೊಮ್ಮಗಳಿಗೆ ಒಂಬತ್ತು ವರ್ಷ, ಇನ್ನಾರು ವರ್ಷಕ್ಕೆ ಗಂಡು ನೋಡುತ್ತಾರೆ ಎಂದಳು. ಕೊನೆಗೆ ನಾವೇ ಮೂವರು ಕೂತು ಸಂಚು ಹೂಡಿದೆವು. ನಾನೂ ಅದರಲ್ಲಿ ಪಾಲುದಾರಳು. ಬೆಳಿಗ್ಗೆ ಬಿಗಿಯಾಗಿ ಕಟ್ಟಿಕೊಂಡು ಬಸ್ ಹತ್ತುವುದು. ಕಂಪ್ಲಿ ಬಸ್ ನಿಲ್ದಾಣದ ಹಿಂದೆ ಪಟ್ಟಿ ಬಿಚ್ಚುವುದು. ಬಿಚ್ಚಿದ ಮೇಲೆ ನಾಲ್ಕು ತಾಸು, ಹೆಚ್ಚೆಂದರೆ ಐದು; ಆಮೇಲೆ ಕಾಲು ತುಂಬುತ್ತದೆ. ಅಷ್ಟರಲ್ಲಿ ನೀರು ಹಾಕಿಸಿಕೊಂಡು, ಉಂಡು, ಐದು ಗಂಟೆಯ ಬಸ್ಸಿಗೆ ಹೊರಡಬೇಕು. ಪಟ್ಟಿಯನ್ನು ಚೀಲದಲ್ಲಿ ಒಯ್ಯುವಂತಿಲ್ಲ, ಏಕೆಂದರೆ ಬೀಗತಿ ತಂದ ಚೀಲವನ್ನು ಆ ಮನೆಯವರೇ ಒಳಗೊಯ್ದು ಬಿಚ್ಚಿ ಬುತ್ತಿ ತೆಗೆಯುತ್ತಾರೆ. ಹಾಗಾಗಿ ಗುಡ್ಡಪ್ಪ ಎರಡೂ ಸುರುಳಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ನಿಲ್ದಾಣದ ಚಹಾ ಹೋಟೆಲಿನಲ್ಲೇ ಕೂರಬೇಕು, ಕಂಪ್ಲಿಯ ಇಂಜಿನಿಯರ್ ಆಫೀಸಿನಲ್ಲಿ ಕೆಲಸವಿದೆ ಎಂದು ಹೇಳಬೇಕು. ಅವಳು ಹನ್ನೊಂದು ವರ್ಷ ಬಯಸಿದ ಆ ಒಂದು ರಾತ್ರಿ ಈ ಲೆಕ್ಕದಲ್ಲಿ ಎಲ್ಲಿಯೂ ಇರಲಿಲ್ಲ.

ದಸರೆ ಕಳೆದ ಸೋಮವಾರ ಹೋದರು. ಮುಂದಿನದನ್ನು ನಾನು ಕಂಡಿಲ್ಲ, ಭರಮಮ್ಮನೂ ಗುಡ್ಡಪ್ಪನೂ ಬೇರೆ ಬೇರೆಯಾಗಿ ಹೇಳಿದ್ದು.

ಮೊದಲೇ ಹೇಳಿ ಕಳಿಸಿದಂತೆ ಹಂಪಮ್ಮ ನಿಲ್ದಾಣಕ್ಕೆ ಬಂದು ತಾಯಿಯನ್ನು ಕರೆದುಕೊಂಡು ಹೋದಳು. ಮೂರು ಮೆಟ್ಟಿಲು ಸರಿಯಾಗಿಯೇ ಇದ್ದವು. ಹೊಳೆಮ್ಮ ಹೊಸ ಸೀರೆ ಉಟ್ಟು ಕಾಯುತ್ತಿದ್ದಳು. ಹೊಸ್ತಿಲ ಹೊರಗೆ ಕೂತು, ಮೊದಲು ಬಲಗಾಲಿಗೆ ನೀರು ಹಾಕಿ ತಿಕ್ಕಿದಳು, ಆಮೇಲೆ ಎಡಗಾಲಿಗೆ. ಅವಳ ಹೆಬ್ಬೆರಳು ಪಾದದ ಮೇಲೆ ಒಂದು ಕ್ಷಣ ನಿಂತಿತು. ಭರಮಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊಳೆಮ್ಮ, "ಭಾಳ ಕೆಸರು ತುಳಿದ ಕಾಲು ನಿಮ್ಮವು ಬೀಗತೇರ" ಎಂದು ಇನ್ನೊಂದು ತಂಬಿಗೆ ನೀರು ಹಾಕಿ ಒಳಗೆ ಕರೆದಳು.

ಒಳಗೆ ಹೋದ ಮೇಲೆ ಭರಮಮ್ಮನಿಗೆ ಗಾಬರಿಯಾಯಿತಂತೆ. ಕೊಟ್ಟಿಗೆ ಎಡಕ್ಕಲ್ಲ, ಬಲಕ್ಕಿತ್ತು. ಕಣಜದ ಜಾಗದಲ್ಲಿ ಈಗ ಚೀಲಗಳನ್ನು ಒಟ್ಟಿದ್ದರು. ಅಡಿಗೆಮನೆಯ ಕಿಟಕಿ ಅವಳು ಅಂದುಕೊಂಡದ್ದಕ್ಕಿಂತ ಚಿಕ್ಕದು. "ಹನ್ನೊಂದು ವರ್ಷ ಬ್ಯಾರೆ ಯಾರದೋ ಮನ್ಯಾಗ ನನ್ನ ಮಗಳನ್ನ ಇಟ್ಟಿದ್ನಲ್ರಿ ನೀಲಕ್ಕ" ಎಂದು ನನ್ನ ಹತ್ತಿರ ಹೇಳಿ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು. ಹೋಳಿಗೆ ಊಟವಾಯಿತು. ಅಳಿಯ ಜಂಬಯ್ಯ ಮಾತಾಡಿಸಿ ಗದ್ದೆಗೆ ಹೋದ. ಮಗಳು ಕೊಡ ಎತ್ತುವುದು, ಒಲೆ ಉರಿ ತಗ್ಗಿಸುವುದು, ಆಳಿಗೆ ಬುತ್ತಿ ಕಟ್ಟಿ ಕೊಡುವುದು ಎಲ್ಲವನ್ನೂ ಭರಮಮ್ಮ ಕುಳಿತಲ್ಲಿಂದ ನೋಡಿದಳು. ಮೂರು ಗಂಟೆಗೆ ಸೀರೆಯೊಳಗೆ ಕಾಲು ಬಿಗಿಯತೊಡಗಿತು. ಮೂರೂವರೆಗೆ ಗಿಣ್ಣಿನ ಮೂಳೆ ಕೈಗೆ ಸಿಗಲಿಲ್ಲ.

ಅವಳು ಹೊರಡುತ್ತೇನೆಂದು ಎದ್ದಾಗ ಹೊಳೆಮ್ಮ ಅಡ್ಡ ನಿಂತಳು. "ಇವತ್ತು ಬಿಡಂಗಿಲ್ರಿ. ಹನ್ನೊಂದು ವರ್ಷಕ್ಕ ಬಂದೀರಿ, ಒಂದು ರಾತ್ರಿ ಇರಾಕ ಆಗಂಗಿಲ್ಲೇನು? ಏ ಹಂಪವ್ವ, ಹೇಳು ನಿಮ್ಮವ್ವಗ."

ಭರಮಮ್ಮ ಮಗಳ ಮುಖ ನೋಡಿದಳು. ಆಗದ ಮಾತು ಎಂದು ಅವಳಿಗೆ ಗೊತ್ತಿತ್ತು. ಮಗಳು ಇರು ಎಂದರೂ ಇರಲಾಗುವುದಿಲ್ಲ ಎಂದೂ ಗೊತ್ತಿತ್ತು. ಆದರೂ ನೋಡಿದಳು.

ಹಂಪಮ್ಮ ನೆಲ ನೋಡುತ್ತಾ, "ಇರಾಕ ಆಗಂಗಿಲ್ರಿ ಅತ್ತಿ. ಅಪ್ಪಗ ಗೇಟಿನ ಡ್ಯೂಟಿ ಐತಿ. ಅವ್ವ ಹೋಗ್ಲಿ, ಬಸ್ ಬರೋ ಹೊತ್ತಾತು" ಎಂದಳು.

ಇದನ್ನು ಹೇಳುವಾಗ ಭರಮಮ್ಮ ನನ್ನ ಕೈ ಹಿಡಿದುಕೊಂಡಿದ್ದಳು. ಬಣವೆಯ ಪಕ್ಕ ಕೂತ ದಿನಕ್ಕಿಂತ ಅವತ್ತು ಹೆಚ್ಚು ಸಂಕಟವಾಯಿತು ಎಂದಳು. ಹೊಳೆಮ್ಮ ಸಿಟ್ಟಿನಿಂದಲೇ ಉಡಿ ತುಂಬಿ ಕಳಿಸಿದಳು.

ಹಂಪಮ್ಮ ತಾಯಿಯನ್ನು ನಿಲ್ದಾಣಕ್ಕೆ ಬಿಡಲು ಹೊರಟಳು. ಅರ್ಧ ದಾರಿಯಲ್ಲಿ ಎಡಗಾಲಿನ ಚಪ್ಪಲಿಯ ಉಂಗುಟ ಹರಿಯಿತು. ಭರಮಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಕುಂಟುತ್ತಾ ನಡೆದಳು. ಹಂಪಮ್ಮ ಮುಂದೆ ಮುಂದೆ ಹೋಗುತ್ತಿದ್ದವಳು ತಿರುಗಿ ನಿಂತಳು. ಸೀರೆಯ ಅಂಚಿನ ಕೆಳಗೆ ತಾಯಿಯ ಪಾದ ಕಾಣುತ್ತಿತ್ತು. ತವರಿಗೆ ಬಂದಾಗಲೆಲ್ಲ ಅವಳು ಕಂಡಿದ್ದು ಪಟ್ಟಿ ಕಟ್ಟಿದ ಕಾಲನ್ನು, ಅದನ್ನೂ ನೆಟ್ಟಗೆ ನೋಡಿದವಳಲ್ಲ. ಬರಿಗಾಲು ಕಣ್ಣೆದುರಿಗೇ ಬಾತುಕೊಳ್ಳುವುದನ್ನು ಅವಳು ಎಂದೂ ನೋಡಿರಲಿಲ್ಲ.

ಗುಡ್ಡಪ್ಪ ಹೋಟೆಲಿನಿಂದ ಟವೆಲು ಹಿಡಿದು ಓಡಿ ಬಂದ. ಐದು ಗಂಟೆಯ ಬಸ್ಸು ಆಗಲೇ ಬಂದು ನಿಂತಿತ್ತು. ನಿಲ್ದಾಣದ ಹಿಂದಕ್ಕೆ ಹೋಗಲು ಹೊತ್ತಿರಲಿಲ್ಲ, ಬಸ್ಸಿನಲ್ಲೇ ಕಟ್ಟುತ್ತೇನೆ ಎಂದ. "ಇಲ್ಲಿ ಕೊಡಪ್ಪ" ಎಂದು ಹಂಪಮ್ಮ ಸುರುಳಿ ಕಸಿದುಕೊಂಡಳು. ತಾಯಿಯನ್ನು ನಿಲ್ದಾಣದ ಕಟ್ಟೆಯ ಮೇಲೆ ಕೂರಿಸಿ, ತಾನು ಮಣ್ಣಿನಲ್ಲಿ ಕೂತು, ಆ ಕಾಲನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಮೊದಲು ಹಿಮ್ಮಡಿಯಿಂದ ಶುರುಮಾಡಿದಳು. "ಅಲ್ಲವ್ವ, ಬೆರಳ ಬುಡದಿಂದ. ಅಲ್ಲಿ ಬಿಗಿ ಮಾಡು," ಎಂದ ಗುಡ್ಡಪ್ಪ. ಬಿಚ್ಚಿ ಮತ್ತೆ ಸುತ್ತಿದಳು. ಸಂತೆಯ ದಿನ, ನಿಲ್ದಾಣದ ತುಂಬ ಜನ. ಭರಮಮ್ಮ ಸೀರೆ ಎಳೆದುಕೊಳ್ಳಲು ನೋಡಿದಳು. "ಬಿಡವ್ವ, ಯಾರರ ನೋಡ್ತಾರ" ಎಂದು ಬೇಡಿಕೊಂಡಳು.

ನೋಡಿದರು. ಹಂಪಮ್ಮನ ಓಣಿಯ ಹೆಂಗಸೊಬ್ಬಳು ಕಾಯಿಪಲ್ಲೆಯ ಬುಟ್ಟಿ ಹೊತ್ತು ಅಲ್ಲೇ ನಿಂತು, "ಯಾಕ ಹಂಪವ್ವ, ಏನಾತು? ಯಾರಿವ್ರು?" ಎಂದು ಕೇಳಿದಳು.

ಹಂಪಮ್ಮ ತಲೆ ಎತ್ತಲಿಲ್ಲ. ಸುತ್ತುವ ಕೈಯನ್ನೂ ನಿಲ್ಲಿಸಲಿಲ್ಲ. "ನಮ್ಮವ್ವ," ಎಂದಳು. "ಆನಿಕಾಲು ಐತಿ. ಕಟ್ಟಾಕ ಹತ್ತೀನಿ."

ಆ ಮಾತು ಹಂಪಮ್ಮ ಮನೆ ಸೇರುವುದಕ್ಕಿಂತ ಮೊದಲೇ ಓಣಿ ಸೇರುತ್ತದೆ ಎಂದು ಮೂವರಿಗೂ ಗೊತ್ತಿತ್ತು. ಕಂಡಕ್ಟರ್ ಸೀಟಿ ಹೊಡೆದ. ಹಂಪಮ್ಮ ಪಟ್ಟಿಯ ತುದಿ ಸಿಕ್ಕಿಸಿ, ಎದ್ದು ಸೀರೆಯ ಮಣ್ಣು ಜಾಡಿಸಿಕೊಂಡು, "ಅಪ್ಪ, ನೀ ಹೋಗು. ಗೇಟಿಗೆ ಹೊತ್ತಾಗತೈತಿ. ಅವ್ವ ಇರ್ತಾಳ" ಎಂದಳು. ಗುಡ್ಡಪ್ಪ ಎರಡನೆಯ ಸುರುಳಿಯನ್ನೂ ಅವಳ ಕೈಗೆ ಕೊಟ್ಟು, ಚಲಿಸುತ್ತಿದ್ದ ಬಸ್ಸನ್ನು ಹತ್ತಿದ. ಕಿಟಕಿಯಿಂದ ಅವನಿಗೆ ಕಂಡದ್ದು ಇಷ್ಟು: ಮಗಳ ಹೆಗಲ ಮೇಲೆ ಕೈಯಿಟ್ಟು, ಮೊಣಕಾಲಿನವರೆಗೆ ಬಿಳಿ ಪಟ್ಟಿ ಸುತ್ತಿದ ಕಾಲು ಹಾಕುತ್ತಾ, ಸೀರೆಯನ್ನು ಒಂದು ಗೇಣು ಎತ್ತಿ ಹಿಡಿದು, ಭರಮಮ್ಮ ಬಂದ ದಾರಿಯಲ್ಲೇ ವಾಪಸು ನಡೆಯುತ್ತಿದ್ದಳು.

ಹೊಳೆಮ್ಮ ಮೂರು ದಿನ ಸೊಸೆಯ ಜೊತೆ ಮಾತಾಡಲಿಲ್ಲವಂತೆ. ಆ ಮೂರು ದಿನವೂ ಭರಮಮ್ಮ ಅಲ್ಲೇ ಇದ್ದಳು.